ಮಾವಿನ ಮರದಡಿ ಕಟ್ಟಿದ ಐದು ಜೋಡಿಗಳ ಬಗ್ಗೆ

ಹೆಸರು: ಅಲೊಯ್ಸಿಯಸ್ ಕಪೆಂಬ್ವಾ. ವಯಸ್ಸು: 52 ವರ್ಷ. ಉದ್ಯೋಗ: ಪಟ್ಟಣದ ನೀರು ಸರಬರಾಜು ಘಟಕದಲ್ಲಿ ಪಂಪ್ ಮೆಕ್ಯಾನಿಕ್. ಪತ್ನಿ ತೀರಿಕೊಂಡು ಒಂಬತ್ತು ವರ್ಷ. ವಾಸ: ಮನೆ ನಂ. 14, ಪಂಪ್‌ಹೌಸ್ ರಸ್ತೆ, ಲುಪೊಸೊ ಪಟ್ಟಣ, ಉತ್ತರ ಪ್ರಾಂತ, ಜಾಂಬಿಯಾ.

ಠಾಣೆಯ ಸಾರ್ಜೆಂಟ್ ಚಿಶಿಂಬಾ ಅವರು ಕೇಳಿದ ಮೇರೆಗೆ, ಯಾರ ಒತ್ತಾಯವೂ ಇಲ್ಲದೆ ನಾನು ತಿಳಿಯಪಡಿಸುವುದು ಹೀಗಿದೆ.

ಇಂದು ಬೆಳಿಗ್ಗೆ ಠಾಣೆಗೆ ತಂದು ಕೂರಿಸಿದ್ದವರು ಶ್ರೀಮತಿ ಯೂನಿಸ್ ನ್ಕಾಂಡು, 71 ವರ್ಷ, ನಿವೃತ್ತ ಶಿಕ್ಷಕಿ. ಮೊದಲ ಮಗುವಿನ ಹೆಸರು ಹಿಡಿದು ಕರೆಯುವ ರೂಢಿಯಂತೆ ಅವರು ಊರಿಗೆಲ್ಲ ಬನಾ ಕಸೊಂಡೆ, ಅಂದರೆ ಕಸೊಂಡೆಯ ತಾಯಿ. ಅದೇ ರೀತಿ ನಾನು ಬಶಿ ಲೊಂಬೆ, ಲೊಂಬೆಯ ತಂದೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದ ಹತ್ತು ಮಂದಿ ವಯಸ್ಕರಿಗೆ ಅವರು ಇಗರ್ಜಿಯ ಹಿಂದಿನ ಮಾವಿನ ಮರದಡಿ ಪ್ರತಿ ಶನಿವಾರ ಪಾಠ ಹೇಳುತ್ತಾರೆ. ಇದುವರೆಗೆ 28 ಶನಿವಾರ ನಡೆದಿದೆ. ನಾನು ಒಂದನ್ನೂ ತಪ್ಪಿಸಿಲ್ಲ.

ನಾನು ಎರಡು ಬಾರಿ ನಪಾಸಾಗಿದ್ದೇನೆ. ನಮ್ಮ ಬೆಂಬಾ ಭಾಷೆಯಲ್ಲಿ ಕರ್ತೃವಿಗೆ ತಕ್ಕ ಗುರುತು ಕ್ರಿಯಾಪದದ ತಲೆಗೆ ಸೇರುತ್ತದೆ. ಹಿರಿಯರು ಒಬ್ಬರೇ ಇದ್ದರೂ ಬಹುವಚನವೇ. ಇಂಗ್ಲಿಷಿನಲ್ಲಿ ಅದು ಬಾಲಕ್ಕೆ ಸೇರುತ್ತದೆ. ಒಬ್ಬರಿದ್ದರೆ ‘ಎಸ್’ ಅಕ್ಷರ, ಹಲವರಿದ್ದರೆ ಇಲ್ಲ. ನನ್ನ ತಂದೆ ಮೂವತ್ತೊಂದು ವರ್ಷ ತಾಮ್ರದ ಗಣಿಗೆ ಇಳಿದವರು. ಪರೀಕ್ಷೆಯಲ್ಲಿ ಅವರ ಬಗ್ಗೆ ಪ್ರಬಂಧ ಬರೆಯುವಾಗ ಆ ‘ಎಸ್’ ಸೇರಿಸಲು ಎರಡೂ ಬಾರಿ ಕೈ ಬರಲಿಲ್ಲ. ಇದನ್ನು ಹೇಳಿದಾಗ ಬನಾ ಕಸೊಂಡೆ, “ಇಂಗ್ಲಿಷಿನೋರಿಗೆ ಅಪ್ಪಾನೂ ಒಬ್ನೇ, ನಾಯೀನೂ ಒಂದೇ ಕಣಪ್ಪ. ಅವರ ಅಪ್ಪಂದಿರೇ ಬೇಜಾರು ಮಾಡ್ಕೊಳಲ್ಲ, ನಿಂಗ್ಯಾಕೆ?” ಎಂದು ಕೇಳಿದರು.

ಇನ್ನು ಕೈ ಕಟ್ಟುವ ವಿಷಯ. ಐದು ಮಂದಿಯ ಕೊರಳಿಗೆ ಕರ್ತೃ ಬರೆದ ರಟ್ಟು, ಐದು ಮಂದಿಗೆ ಕ್ರಿಯಾಪದ ಬರೆದ ರಟ್ಟು. ತಮಗೆ ಹೊಂದುವವರನ್ನು ಹುಡುಕಿಕೊಂಡವರ ಮಣಿಕಟ್ಟುಗಳನ್ನು ಬನಾ ಕಸೊಂಡೆ ಬಟ್ಟೆಪಟ್ಟಿಯಿಂದ ಜೋಡಿಸುತ್ತಾರೆ. ಪಟ್ಟಿ ಹಳೆಯ ಚಿತೆಂಗೆಯಿಂದ, ಅಂದರೆ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆಯಿಂದ ಹರಿದದ್ದು. ಅಗಲ 4 ಸೆಂಟಿಮೀಟರ್, ಇಬ್ಬರ ನಡುವೆ ಉಳಿಯುವ ಉದ್ದ 60 ಸೆಂಟಿಮೀಟರ್. ಜೋಡಿಯು ವಾಕ್ಯವನ್ನು ಕೂಗುತ್ತ ಮರಕ್ಕೆ ಒಂದು ಸುತ್ತು ಬರಬೇಕು. ತಪ್ಪಾದರೆ ಉಳಿದವರೆಲ್ಲ ಕಿರುಚಬೇಕು, ಮತ್ತೊಂದು ಸುತ್ತು. ಶಿಕ್ಷಕಿಯ ಕೈಯಲ್ಲಿನ ಕೋಲು ಮಂಡಿನೋವಿಗಾಗಿ ಹಿಡಿದದ್ದು, ಹೊಡೆಯಲು ಅಲ್ಲ.

ಇಂದು, ದಿನಾಂಕ 5 ನವೆಂಬರ್ 2013, ಮಂಗಳವಾರ, ಮಧ್ಯಾಹ್ನ 2 ಗಂಟೆಗೆ ನಮ್ಮ ಪರೀಕ್ಷೆ. ಸಭಾಂಗಣದ ಬಾಗಿಲು 1:45ಕ್ಕೆ ಮುಚ್ಚುತ್ತದೆ. ನಾವು ಕಳೆದುಕೊಂಡುಬಿಡುತ್ತೇವೆಂದು ಹತ್ತೂ ಮಂದಿಯ ಪ್ರವೇಶಪತ್ರಗಳನ್ನು ಬನಾ ಕಸೊಂಡೆ ತಮ್ಮ ಬುಟ್ಟಿಯಲ್ಲೇ ಇಟ್ಟುಕೊಂಡಿದ್ದರು. ಕೊನೆಯ ಅಭ್ಯಾಸಕ್ಕೆಂದು ಬೆಳಿಗ್ಗೆ 6:30ಕ್ಕೆ ಸೇರಿದೆವು. ನನಗೆ ‘ನನ್ನ ತಂದೆ’ ಎಂಬ ರಟ್ಟು ಬಂತು. ನನಗೆ ಜೋಡಿಯಾದವರು ಶ್ರೀಮತಿ ಫೆಲಿಸ್ತಸ್ ನಮ್‌ಫುಕ್ವೆ ಉರುಫ್ ಬನಾ ಚಿಸಾಲಾ, 46 ವರ್ಷ, ಮಾರುಕಟ್ಟೆಯಲ್ಲಿ ಒಣಮೀನು ವ್ಯಾಪಾರ, ಗಂಡ ತೀರಿಕೊಂಡು ಆರು ವರ್ಷ. ಶಿಕ್ಷಕಿಯ ಬೆರಳು ನೋಯುತ್ತಿದ್ದುದರಿಂದ ನಮ್ಮ ಗಂಟನ್ನು ಬನಾ ಚಿಸಾಲಾ ಅವರೇ ಹಲ್ಲು ಮತ್ತು ಎಡಗೈಯಿಂದ ಹಾಕಿದರು. ಅದು ಬಲೆ ಹೆಣೆಯುವವರ ಗಂಟು. ಎಳೆದಷ್ಟೂ ಬಿಗಿಯಾಗುತ್ತದೆ.

8:05ಕ್ಕೆ ಇದ್ದಿಲು ಹೇರಿದ ಸೈಕಲ್ಲಿನಲ್ಲಿ ಹೋಗುತ್ತಿದ್ದ ಕ್ರಿಸ್ಪಿನ್ ನ್ಸೊಫ್ವಾ ಎಂಬವರು ನಮ್ಮಿಂದ ಸುಮಾರು 40 ಮೀಟರ್ ದೂರದಲ್ಲಿ ನಿಂತರು. ಅವರು ಈ ಊರಿಗೆ ಹೊಸಬರು. ಕೈ ಕಟ್ಟಿಸಿಕೊಂಡು, ಕೊರಳಲ್ಲಿ ರಟ್ಟು ತೂಗಿಸಿಕೊಂಡು, ಕೂಗುತ್ತ ಸುತ್ತುತ್ತಿದ್ದ ಹತ್ತು ಮಂದಿಯನ್ನೂ ಕೋಲು ಹಿಡಿದ ಮುದುಕಿಯನ್ನೂ ಅವರು ನೋಡಿದರು. ಇದ್ದಿಲಿನ ಚೀಲಗಳನ್ನು ಅಲ್ಲೇ ಕೆಡವಿ ಠಾಣೆಯ ಕಡೆಗೆ ಸೈಕಲ್ ತುಳಿದರು. ಜನರನ್ನು ಹಿಡಿದು ಮಾರುತ್ತಿದ್ದಾರೆಂದು ದೂರು ಕೊಟ್ಟರೆಂದು ಆಮೇಲೆ ತಿಳಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಜವಾಗಿಯೂ ಮಾರುತ್ತಿದ್ದರೆ ನಮ್ಮನ್ನು ಉಳಿಸುತ್ತಿದ್ದವರು ಅವರೊಬ್ಬರೇ.

8:50ಕ್ಕೆ ಪೊಲೀಸರು ಬಂದರು. ಗಾಬರಿಯಲ್ಲಿ ನಾಲ್ಕು ಜೋಡಿಗಳು ಗಂಟು ಬಿಚ್ಚಿಕೊಂಡವು. ನಮ್ಮದು ಬಿಚ್ಚಲಿಲ್ಲ. ಅಷ್ಟರಲ್ಲಿ ಸಾರ್ಜೆಂಟ್, “ಯಾರೂ ಮುಟ್ಟಂಗಿಲ್ಲ! ಅದು ಸಾಕ್ಷಿ!” ಎಂದು ಆದೇಶಿಸಿದರು. ಶಿಕ್ಷಕಿಯನ್ನು ವಶಕ್ಕೆ ತೆಗೆದುಕೊಂಡು, ನಮ್ಮನ್ನೆಲ್ಲ ಠಾಣೆಗೆ ಕರೆತಂದು, ಬುಟ್ಟಿಯನ್ನು ಜಪ್ತಿ ಮಾಡಿ ಅಲ್ಲಿನ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಪ್ರವೇಶಪತ್ರಗಳೂ ಅದರೊಳಗೆ ಸೇರಿದವು. ಬುಟ್ಟಿ 1:20ರ ಒಳಗೆ ಸಿಗದಿದ್ದರೆ ಹತ್ತು ಮಂದಿಗೆ ಒಂದು ವರ್ಷ ಹೋಗುತ್ತದೆಂದು ನಾನು 9:30, 10:15 ಮತ್ತು 11 ಗಂಟೆಗೆ ತಿಳಿಸಿದೆ. ಅಷ್ಟು ಹೊತ್ತೂ ಬನಾ ಚಿಸಾಲಾ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದರು. ನೀರು ಕುಡಿಯಲು ಅವರು ಕೈ ಎತ್ತಿದಾಗ ನನ್ನ ಕೈಯೂ ಏಳುತ್ತಿತ್ತು. “ನಿಮ್ಗೂ ಬಾಯಾರಿದ್ಯಾ ಬಶಿ ಲೊಂಬೆ, ಇಲ್ಲಾ ಸುಮ್ನೆ ಜೊತೆ ಕೊಡ್ತಿದೀರಾ?” ಎಂದು ಕೇಳಿದರು. ನಾನೂ ಕುಡಿದೆ.

ನಿಮ್ಮನ್ನು ಇಷ್ಟಕ್ಕೆ ವಿರುದ್ಧವಾಗಿ ಕಟ್ಟಲಾಗಿತ್ತೇ ಎಂದು ಸಾರ್ಜೆಂಟ್ ಕೇಳಿದರು. ಇಲ್ಲ ಎಂದೆ. ಇದೇ ಹೆಂಗಸಿನ ಜೊತೆ ಹಿಂದೆ ಎಷ್ಟು ಬಾರಿ ಎಂದು ಕೇಳಿದರು. ಐದರಲ್ಲಿ ಒಂದರ ಲೆಕ್ಕ ಹಿಡಿದರೆ 28 ಶನಿವಾರಗಳಲ್ಲಿ ಐದಾರು ಬಾರಿ ಆಗಬೇಕಿತ್ತು, ಆದದ್ದು 19 ಬಾರಿ ಎಂದೆ. “ಹತ್ತೊಂಬತ್ತಾ! ರಟ್ಟು ಹಂಚೋರು ಯಾರಮ್ಮಾ?” ಎಂದು ಅವರು ತಿರುಗಿದರು. ಬನಾ ಕಸೊಂಡೆ ಸೂರಿನಲ್ಲಿದ್ದ ಹಲ್ಲಿಯನ್ನು ನೋಡುತ್ತಿದ್ದರು. ಬನಾ ಚಿಸಾಲಾ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. ಈ ಬಗ್ಗೆ ನಾನು ಇದುವರೆಗೆ ವಿಚಾರಿಸಿಲ್ಲ.

11:40ಕ್ಕೆ, ಇದು ಪಾಠವೇ ಆಗಿದ್ದರೆ ಮಾಡಿ ತೋರಿಸಿ ಎಂದು ಸಾರ್ಜೆಂಟ್ ಹೇಳಿದರು. ಠಾಣೆಯ ಅಂಗಳದಲ್ಲಿ ಧ್ವಜದ ಕಂಬವೇ ಮರವಾಯಿತು. ಸಾರ್ಜೆಂಟ್ ಕೊರಳಿಗೆ ‘ನಮ್ಮ ಇನ್‌ಸ್ಪೆಕ್ಟರ್’ ಎಂಬ ರಟ್ಟು ಬಂತು. ಅವರು ಹೋಗಿ ‘ಎಸ್’ ಇಲ್ಲದ ಕ್ರಿಯಾಪದದ ಪಕ್ಕ ನಿಂತರು. ಆ ರಟ್ಟು ದೂರುದಾರ ನ್ಸೊಫ್ವಾ ಅವರ ಕೊರಳಲ್ಲಿತ್ತು. ಇಬ್ಬರನ್ನೂ ಕಟ್ಟಿ ಸುತ್ತು ಹಾಕಿಸಿದಾಗ ಎಲ್ಲರೂ ಕಿರುಚಿದೆವು. ಕಿಟಕಿಯ ಸರಳುಗಳ ಹಿಂದಿದ್ದ ಇಬ್ಬರು ಕೈದಿಗಳೂ ಕಿರುಚಿದರು.

“ಇನ್‌ಸ್ಪೆಕ್ಟರ್ ಸಾಹೇಬ್ರಿಗೆ ಏಕವಚನಾನಾ ತಾಯಿ? ನನ್ ಕೆಲ್ಸ ಹೋಗುತ್ತೆ!” ಎಂದರು ಸಾರ್ಜೆಂಟ್.

“ಇಂಗ್ಲಿಷಲ್ಲಿ ಹೋಗಲ್ಲ, ನಡಿಯಪ್ಪಾ, ಇನ್ನೊಂದ್ ಸುತ್ತು,” ಎಂದರು ಬನಾ ಕಸೊಂಡೆ.

“ಅವ್ರದ್ದು ತಪ್ಪಾದ್ರೆ ನಾನ್ಯಾಕೆ ಸುತ್ತಬೇಕು?” ಎಂದು ನ್ಸೊಫ್ವಾ ಕೇಳಿದರು.

“ಕಟ್ಟಿಸ್ಕೊಂಡ್ ಮೇಲೆ ತಪ್ಪೂ ಇಬ್ರುದೇ,” ಎಂದು ಬನಾ ಚಿಸಾಲಾ ಹೇಳಿದರು.

ಸಾರ್ಜೆಂಟ್ ಮೂರು ಸುತ್ತು ಬಂದರು. ಮೂರನೆಯದರಲ್ಲಿ ಸರಿಯಾದ ಜೋಡಿ ಸಿಕ್ಕಾಗ ತಾವೇ ಚಪ್ಪಾಳೆ ತಟ್ಟಿಕೊಂಡರು. ದೂರುದಾರರು ತಮ್ಮ ದೂರನ್ನು ಹಿಂದಕ್ಕೆ ಪಡೆದರು, ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಬರಬೇಕೆಂದೂ ಕೇಳಿದರು. ಅವರ ಇದ್ದಿಲಿನ ಚೀಲಗಳು ಕೆಡವಿದಲ್ಲೇ ಇವೆ, ಇಗರ್ಜಿಯ ಕಾವಲುಗಾರ ನೋಡಿಕೊಳ್ಳುತ್ತಿದ್ದಾನೆ. 12:20ಕ್ಕೆ ಶಿಕ್ಷಕಿಯನ್ನು ಬಿಡಲಾಯಿತು. ಆದರೆ ನನ್ನ ಹೇಳಿಕೆ ಬರೆದುಕೊಳ್ಳದೆ ಬೀರುವಿನ ಬೀಗ ತೆಗೆಯಲು ನಿಯಮವಿಲ್ಲವೆಂದು ತಿಳಿಸಿದ್ದರಿಂದ ಈ ಹೇಳಿಕೆ ಕೊಡುತ್ತಿದ್ದೇನೆ. ಇಷ್ಟನ್ನು ಬರೆದುಕೊಂಡ ಮೇಲೆ 12:55ಕ್ಕೆ ಬುಟ್ಟಿ ಮರಳಿ ಬಂತು. ಹತ್ತು ಪ್ರವೇಶಪತ್ರಗಳನ್ನು ಎಣಿಸಿ ನೋಡಿದೆ. ಹತ್ತೂ ಇವೆ.

ಇನ್ನು ಸಾಕ್ಷಿಯ ಅಗತ್ಯವಿಲ್ಲ, ಗಂಟು ಬಿಚ್ಚಿಕೊಳ್ಳಬಹುದೆಂದು ಸಾರ್ಜೆಂಟ್ ಅದೇ ಹೊತ್ತಿಗೆ ಅನುಮತಿ ಕೊಟ್ಟರು. ಕತ್ತರಿಯನ್ನೂ ಮೇಜಿನ ಮೇಲಿಟ್ಟರು. ಇಲ್ಲಿಂದ ಪರೀಕ್ಷೆಯ ಸಭಾಂಗಣಕ್ಕೆ 1.4 ಕಿಲೋಮೀಟರ್. ಒಬ್ಬನೇ ನಡೆದರೆ ನನಗೆ 18 ನಿಮಿಷ ಬೇಕು. ಜೋಡಿಯಾಗಿ ಎಷ್ಟು ಬೇಕೆಂದು ಅಳೆದು ನೋಡಿಲ್ಲ. “ಅಳ್ದ್ರಾಯ್ತು ಏಳಿ,” ಎಂದು ಬನಾ ಚಿಸಾಲಾ ಹೇಳಿದರು. ಗಂಟು ಬಿಚ್ಚಿದ ಸಮಯವನ್ನೂ ನಮೂದಿಸಬೇಕೆಂದು ಸಾರ್ಜೆಂಟ್ ಕೇಳುತ್ತಿದ್ದಾರೆ. ಹೇಳಿಕೆಯಲ್ಲಿ ನಡೆದದ್ದನ್ನು ಮಾತ್ರ ಬರೆಸಬೇಕೆಂದು ನಾನು ತಿಳಿದಿದ್ದೇನೆ. ಅದು ಇನ್ನೂ ನಡೆದಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ದೂರಗಳಲ್ಲಿ ಒಂದೆರಡು ಮೀಟರ್ ಹೆಚ್ಚುಕಡಿಮೆ ಇರಬಹುದು. ಮಿಕ್ಕದ್ದೆಲ್ಲ ನಾನು ಕಂಡಂತೆ, ನಡೆದಂತೆ ಇದೆ.

ಸ್ಥಳ: ಲುಪೊಸೊ ಠಾಣೆ
ದಿನಾಂಕ: 5 ನವೆಂಬರ್ 2013, ಮಧ್ಯಾಹ್ನ 1:04

ಸಹಿ: ಅ. ಕಪೆಂಬ್ವಾ (ಬಲಗೈ)
ಸಾಕ್ಷಿಯ ಸಹಿ: ಫೆ. ನಮ್‌ಫುಕ್ವೆ (ಬಲಗೈ, ಹೇಳಿಕೆದಾರನ ಎಡಗೈ ಜೊತೆಗಿತ್ತು)