ಬಾವಿಯ ಹಗ್ಗ

ಸೂಲಿಬೆಲೆಯಲ್ಲಿ ಇದ್ದಿಲು ಉರಿಸಿ ಓಡಿಸುವ ಬಸ್ಸು ಕಾವೇರುವುದನ್ನು ಕಾಯುತ್ತಿದ್ದೆವು. ಬೈಲಪ್ಪ ಬಂದು, ನಮ್ಮ ಜೊತೆ ನಿಂತಿದ್ದ ತನ್ನ ಮಗನ ಮೇಷ್ಟರನ್ನು ತಡೆದ.

“ತಮ್ಮನ ವಿಷಯ ಕೇಳ್ದೆ, ಬೈಲಪ್ಪ. ಹಗ್ಗ ಕಿತ್ತೋಯ್ತಂತೆ.”

“ಹೂಳು ತೆಗೆಯೋಕೆ ಬಾವಿಗೆ ಇಳೀತಿದ್ದ.”

“ನಿನ್ನ ಮಗ ಸ್ಕೂಲಲ್ಲಿ ಕಲ್ಲು ಕಟ್ಟಿ ಪರೀಕ್ಷೆ ಮಾಡಿದ ಹಗ್ಗವೇ? ಭೇಷ್ ಅಂದಿದ್ದೆನಲ್ಲಪ್ಪ!”

“ಅದೇ. ಆ ಭಾರಕ್ಕೆ ಒಳಗಿನ ಎಳೆ ಹರ್ದೋಗಿತ್ತು. ‘ಗಟ್ಟಿ ಐತೆ, ಇಳಿ ಚಿಕ್ಕಪ್ಪ’ ಅಂದೋನೂ ಅವನೇ.”

“ಅವನಿಗೆ ಗೊತ್ತಾಯ್ತಾ?”

“ಇಲ್ಲ. ಯಾಕೆ ಕಿತ್ತೋಯ್ತು ಅಂತ ನಿಮ್ಮನ್ನೇ ಕೇಳ್ತಾನಂತೆ. ಇಲಿ ಕಡಿದಿತ್ತು ಅನ್ನಿ.”

“ಹಗ್ಗ ನೋಡ್ತೀನಿ ಅಂದ್ರೆ?”

“ಒಲೆಗೆ ಹಾಕ್ಬಿಟ್ಟೆ.”

“ನನಗೆ ಸುಳ್ಳು ಹೇಳೋಕೆ ಬರಲ್ಲ ಕಣಪ್ಪ.”

“ಕಲೀರಿ, ಮೇಷ್ಟ್ರೇ. ನಿನ್ನೆ ಒಬ್ಬನ್ನ ಮಣ್ಣು ಮಾಡಿದ್ದೀನಿ.”

ಬಸ್ಸು ಹೊರಟಿತು. ಮೇಷ್ಟರು ಹತ್ತಲಿಲ್ಲ, ಬೈಲಪ್ಪನ ಜೊತೆ ಅವನ ಊರಿನ ದಾರಿ ಹಿಡಿದರು.