ಕಲಾದಗಿ ಬೆಕ್ಕಿನ ಮನಿತನ

…ಅಲ್ಲರೀ, ಬುಟ್ಟಿ ಎತ್ತಬ್ಯಾಡ್ರಿ! ಎತ್ತಿದ್ರ ಓಡ್ತದ. ಓಡಿ ನಿಮ್ಮ ಕಾಯದೆ ಪುಸ್ತಕದ ಕಪಾಟಿನ ಹಿಂದ ಹೊಕ್ಕಿತು ಅಂದ್ರ ಸಂಜೀತನಕ ಹೊರಗ ಬರೂದಿಲ್ಲ. ನಿನ್ನೆ ಹಂಗಽ ಮಾಡ್ತು. ನೀವು ಕೋರ್ಟಿಗೆ ಹೋಗಿದ್ರಿ, ನಿಮಗ ಗೊತ್ತಿಲ್ಲ.

ಹಂಗ್ಯಾಕ ನೋಡ್ತೀರಿ? ಬೆಕ್ಕಿನ ಮರಿ. ಬರೇ ಒಂದು ಬೆಕ್ಕಿನ ಮರಿ. ಬನಶಂಕರಿಗೆ ಹರಕಿ ಮುಟ್ಟಸ್ಲಿಕ್ಕೆ ಹೋದಾಕಿ ಕುಂಕುಮ, ಪ್ರಸಾದ ತರೂದು ಬಿಟ್ಟು ಸೆರಗಿನಾಗ ಬೆಕ್ಕಿನ ಮರಿ ಯಾಕ ಕಟಗೊಂಡು ಬಂದಿ… ಇದಽ ಅಲ್ಲ ನೀವು ಕೇಳಬೇಕಾದದ್ದು? ಕೇಳ್ರಿ. ಪೂರ್ತಿ ಮಾತಿನಾಗ ಕೇಳ್ರಿ. ನಮ್ಮ ಬೆಳಗಾವಿ ಕಾನ್ವೆಂಟಿನ್ಯಾಗ ಮದರ್ ಅನ್ನತಿದ್ರು, ಬೆನ್ನು ನೆಟ್ಟಗಿರಬೇಕು, ಕೈ ತೊಡೀ ಮ್ಯಾಲಿರಬೇಕು, ಮಾತು ಪೂರ್ತಿ ಇರಬೇಕು ಅಂತ. ಅರ್ಧಾ ಮಾತು ಆಡಿದ್ರ ನಿಲ್ಲಸತಿದ್ರು.

ಕೇಳೂದಿಲ್ಲ. ಗೊತ್ತದ ನನಗ. ಸಾಕ್ಷಿ ತಾನಽ ಬಾಯಿ ಬಿಡೂತನಕ ಪೇಪರ್ ಹಿಡಕೊಂಡು ಸುಮ್ಮನ ಕೂಡೂದು ನಿಮ್ಮ ಹಳೇ ಉಪಾಯ. ಕೂಡ್ರಿ. ಮೈಸೂರು ರಾಜ್ಯಕ್ಕ ಸೇರಿ ವರ್ಷ ಆತು, ನಿಮಗ ಇನ್ನೂ ಆ ಮುಂಬಯಿ ಪೇಪರಽ ಬೇಕು, ಅದೂ ಎರಡು ದಿವಸ ಹಳೇದು. ಅದರಾಗೇನೂ ಹೊಸಾದು ಬಂದಿರೂದಿಲ್ಲ. ಬಂದಿರೂದಿಲ್ಲ. ನಾ ನೋಡೇನಿ.

ಈ ಮರಿ ಇಲ್ಲೇ ಇರ್ತದ. ಅದನ್ನ ಮೊದಲ ಹೇಳಿಬಿಡ್ತೇನಿ. ಈ ಮನ್ಯಾಗ ನಾ ಇದುವರೆಗೂ ಏನೂ ಬೇಡಿದಾಕಿ ಅಲ್ಲ. ಇದೊಂದು ಇರ್ತದ.

ಕುಲಾ ಗೋತ್ರಾ ಗೊತ್ತಿಲ್ಲದ್ದನ್ನ ಮನ್ಯಾಗ ತರೂದಿಲ್ಲ ಅಂತ ನೀವು ಅನ್ನೋರು. ಅದಕ್ಕಽ ವಿಚಾರ ಮಾಡಿ ತಂದೇನಿ. ಇದು ಸಾದಾ ಹೊಲದ ಬೆಕ್ಕಲ್ಲ. ನೋಡ್ರಿ ಇಲ್ಲೆ… ಬುಟ್ಟಿ ಸಂದ್ಯಾಗ ನೋಡ್ರಿ. ಕೂದಲ ಎಷ್ಟುದ್ದ ಅವ! ಬಾಲ ನೋಡ್ರಿ, ಕಂದೀಲಿನ ಗಾಜು ತೊಳಿಯೋ ಬ್ರಶ್ ಇದ್ಧಂಗ. ಬಣ್ಣ ಬೂದಿ. ಮೂಗು ಸ್ವಲ್ಪ ಚಪ್ಪಟಿ. ಇದರ ಅವ್ವ ಬರೇ ಹೊಲದ ಬೆಕ್ಕು, ಪಟ್ಟಾಪಟ್ಟಿ, ಒಂದು ಕಿವಿ ಹರದದ. ಹಂಗಾದ್ರ ಇದಕ್ಕ ಈ ರೂಪ ಎಲ್ಲಿಂದ ಬಂತು? ನಮ್ಮ ಮದರ್ ಹತ್ರ ಒಂದು ಪರ್ಷಿಯನ್ ಬೆಕ್ಕಿತ್ತು. ಹಡಗಿನ್ಯಾಗ ಬಂದದ್ದು. ತಾಟಿನ್ಯಾಗ ಹಾಲು ಕುಡೀತಿತ್ತು, ಒಂದು ಹನಿ ಕೆಳಗ ಬೀಳಸ್ತಿದ್ದಿಲ್ಲ. ಥೇಟ್ ಹಿಂಗಽ ಇತ್ತು. ಥೇಟ್.

ನಾ ಲೆಕ್ಕ ಹಾಕೇನಿ. ಹಿಂದಕ ಕಲಾದಗಿ ಜಿಲ್ಲಾ ಸ್ಥಳ ಇದ್ದಾಗ ಅಲ್ಲೆ ಸಾಹೇಬರ ಬಂಗಲೆ ಇದ್ವು. ನಿಮ್ಮ ಅಜ್ಜನಽ ಅಲ್ಲೆ ಶಿರಸ್ತೇದಾರ ಇದ್ರಲ್ಲ. ಸಾಹೇಬರಿಗೆ ಮಡಮ್ಮಗಳು, ಮಡಮ್ಮಗಳಿಗೆ ಬೆಕ್ಕು. ಕಚೇರಿ ಎಲ್ಲಾ ವಿಜಾಪುರಕ್ಕ ಹೋತು, ಸಾಹೇಬರು ಗಂಟು ಕಟ್ಟಿದ್ರು. ಬೆಕ್ಕನ್ನ ಯಾರು ಗಂಟು ಕಟ್ತಾರ? ಅದು ಅಲ್ಲೇ ಉಳೀತು. ಹೊಲಾ ಸೇರ್ತು. ಊರ ಬೆಕ್ಕಿನ ಜೋಡಿ… ಅದು ಏನಽ ಇರಲಿ. ರಕ್ತ ಒಂದೆರಡು ತಲಿಮಾರು ಮುಚಗೊಂಡು ಕೂತು ಮತ್ತ ಯಾವುದರೇ ಮರಿಯೊಳಗ ಎದ್ದು ಬರ್ತದ. ಇದರೊಳಗ ಎದ್ದದ.

ಯಾಕ ನಗ್ತೀರಿ? ಮೀಸಿ ಅಲುಗಿತು, ನಾ ನೋಡ್ದೆ. ಬಸಲಿಂಗವ್ವನೂ ಹಿಂಗಽ ನಕ್ಕಳು. ‘ಬೆಕ್ಕಿಗೆ ಎಂಥಾ ಮನಿತನರೀ ಅಕ್ಕಾರ, ಇಲಿ ಹಿಡದ್ರ ಅದಽ ದೊಡ್ಡ ಮನಿತನ’ ಅಂತ. ನಕ್ಕೋತ ಅಂದ್ಲು, ಆಮ್ಯಾಲೆ ಸೆರಗಿಲೆ ಕಣ್ಣು…

ಏನಿಲ್ಲ. ಕಣ್ಣಾಗ ಹೊಟ್ಟು ಬಿದ್ದಿತ್ತು.

ಪೇಪರ್ ಯಾಕ ಇಳಸಿದ್ರಿ? ಬಸಲಿಂಗವ್ವ ಅಂದ್ರ ಏನಾತು? ಊರಿಗೆ ನಾಕು ಮಂದಿ ಬಸಲಿಂಗವ್ವಗೋಳು ಇರ್ತಾರ. ಬನಶಂಕರೀ ಒಳಗೂ ಇರ್ತಾರ. ಬನಶಂಕರೀ ಒಳಗ ಕಲಾದಗಿ ಬೆಕ್ಕು ಹ್ಯಾಂಗ ಸಿಕ್ಕಿತು ಅಂತೀರೇನು…

ಹೌದು. ಕಲಾದಗಿ ಅಂದೆ. ಕಲಾದಗೀನಽ.

ಬಸ್ಸು ತಪ್ಪಿತು ಅಂತ ಹೇಳಬೇಕಂತ ಮಾಡಿದ್ದೆ. ಹೇಳೂದಿಲ್ಲ. ಬೋರ್ಡು ಓದಲಿಕ್ಕೆ ಬರದಾಕಿ ಏನು ನಾ? ಬಾದಾಮಿ ಬಸ್ಸೂ ನಿಂತಿತ್ತು, ಕಲಾದಗಿ ಬಸ್ಸೂ ನಿಂತಿತ್ತು. ನಾ ಕಲಾದಗಿ ಬಸ್ಸು ಹತ್ತಿದೆ. ಹಿಂದಿನ ದಿವಸ ಟಾಂಗಾದ ಅಹ್ಮದಸಾಬ ಬಂದು… ಬಂದು ಹೇಳಿದ್ದ, ದಾಳಿಂಬ್ರ ತ್ವಾಟದಾಗ ಛಲೋ ಮರಿ ಹುಟ್ಯಾವ ಅಂತ. ಅದಕ್ಕ ಹೋದೆ. ಬೆಕ್ಕಿನ ಮರಿ ಸಂಬಂಧ ಹೋದೆ.

ಯಾರ ದಾಳಿಂಬ್ರ ತ್ವಾಟ ಅಂತ ನಿಮಗ ಗೊತ್ತದ. ನಾ ಹೆಸರು ತಗೊಂಡಿಲ್ಲ. ಈ ಮನ್ಯಾಗ ಯಾವ ಹೆಸರು ತಗೋಬಾರದು ಅಂತ ನೀವು ಹೇಳಿದ್ರೋ ಆ ಹೆಸರು ನಾ ಇವತ್ತಿಗೂ ತಗೊಂಡಿಲ್ಲ. ಮಗಳು ಮಾಸ್ತರಿಣಿ ಆಗಿ ಕಲಾದಗಿ ಸಾಲಿಗೆ ಹೋದ್ಲು, ಅಲ್ಲೆ ಆ ಲಿಂಗಾಯತರ ಬಸಲಿಂಗವ್ವನ ಮಗ ಅಂದಾನಪ್ಪನ ಕೈ ಹಿಡದ್ಲು. ನೀವು ಆಕಿ ಜೀವಂತ ಇರೂವಾಗಽ ಹೊಳಿಗೆ ಹೋಗಿ ಆಕಿ ಹೆಸರಿಲೆ ಎಳ್ಳು ನೀರು ಬಿಟ್ಟು ಬಂದ್ರಿ. ಅವತ್ತಽ ನಮ್ಮ ಪಾಲಿಗೆ ಸತ್ತಳು ಅಂದ್ರಿ. ಸ್ನಾನ ಆತು, ಮೈಲಿಗಿ ಕಳೀತು, ಮುಗೀತು. ಮುಂದ ಆಕಿಗೆ ಏನಽ ಆದ್ರೂ ಈ ಮನಿಗೆ ಸೂತಕ ಇಲ್ಲ. ಶಾಸ್ತ್ರ ಅದ. ನೀವು ಓದಿ ತೋರಿಸಿದ್ರಿ. ನಾನೂ ಓದಿದೆ. ಸ್ಪಷ್ಟ ಬರದಿತ್ತು.

ಖರೆ, ಒಂದು ಮಾತು. ಘಟಪ್ರಭೆ ಕಲಾದಗಿ ಮುಟ್ಟಿ ಆಮ್ಯಾಲೆ ಬಾಗಲಕೋಟೆಗೆ ಬರ್ತದ. ನೀವು ಇಲ್ಲೆ ಬಿಟ್ಟ ನೀರು ಮುಂದ ಹರದು ಹೋತು. ಆಕಿ ಮ್ಯಾಲಿನ ಊರಾಗ ಇದ್ಲು. ಅದು ಆಕಿಗೆ ಮುಟ್ಟಿದ್ದಽ ಇಲ್ಲ. ಬಸ್ಸಿನ್ಯಾಗ ಕೂತಾಗ ನನಗ ಅದು ಹೊಳೀತು. ಸುಮ್ಮನ, ಹಂಗಽ ಹೊಳೀತು.

ಅಲ್ಲೆ ಎಲ್ಲಾರೂ ಛಂದ ಇದ್ದಾರ. ತ್ವಾಟ ಛಂದ ಅದ. ಗಿಡದ ಬುಡಕ್ಕೆಲ್ಲಾ ಸುಣ್ಣ ಬಳದಾರ. ಅಂಗಳ ಸಾರಿಸ್ಯಾರ. ನಾ ಹೊಲಸು ಹುಡುಕಿದೆ, ಸಿಗಲಿಲ್ಲ. ಅಂದಾನಪ್ಪ ನನ್ನ ಕಾಲು ಮುಟ್ಟಿದ. ನಾ ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಒಂದು ಸಣ್ಣ ಹುಡುಗಿ ಅದ. ಆಕೀನಽ ಈ ಮರಿ ತಂದು ನನ್ನ ಉಡ್ಯಾಗ ಹಾಕಿದ್ಲು. ‘ಅಜ್ಜಿ, ಇದನ್ನ ನೀ ಒಯ್ಯಿ, ಇದರವ್ವಗ ಹಾಲಿಲ್ಲ’ ಅಂದ್ಲು. ಆ ಹುಡುಗಿ ಕಣ್ಣು… ಆ ಕಣ್ಣು ನೋಡಿದ್ರ ಯಾರಿಗರೇ ಗೊತ್ತಾಗ್ತದ ಯಾವ ಮನಿತನದ್ದು ಅಂತ. ಬೂದಿ ಹಸರು. ನಿಮ್ಮ ಅವ್ವಂದು, ನಿಮ್ಮ ತಮ್ಮಂದು, ನಿಮ್ಮದು…

ಬೆಕ್ಕಿನ ಮಾತು ಆಡ್ಲಿಕ್ಕೆ ಹತ್ತಿದ್ದೆ ನಾ. ಬೆಕ್ಕಿನ ಕಣ್ಣು.

ನೀವು ಯಾಕ ಅಡಗಿಮನಿ ಕಡೆ ನೋಡ್ತೀರಿ? ಊಟಕ್ಕ ಇನ್ನೂ ತಡಾ ಅದ. ಬಾಜೂ ಮನಿ ಭಾಗೀರಥೀಬಾಯಿ ಬಂದು ಬಡಸ್ತಾರ. ಮೊನ್ನೆಯಿಂದ ಅವರಽ ಮಡೀಲೆ ಮಾಡ್ಲಿಕ್ಕೆ ಹತ್ಯಾರಲ್ಲ, ಇವತ್ತೂ ಮಾಡ್ತಾರ. ನಿಮಗ ಅವರ ಸಾರು ಸಪ್ಪ ಅನಸ್ತದ, ಗೊತ್ತದ. ಮದರ್ ಅನ್ನತಿದ್ರು, ಮುಂದ ಇಟ್ಟದ್ದನ್ನ ಉಣಬೇಕು ಅಂತ. ನಾ ಅಡಗಿಮನಿಗೆ ಹೋಗೂದಿಲ್ಲ. ಬೆಕ್ಕು ಮುಟ್ಟೇನಿ. ಸೀರಿಗೆಲ್ಲಾ ಕೂದಲ ಹತ್ಯಾವ. ಬೆಕ್ಕಿನ ಕೂದಲ ಅನ್ನದಾಗ ಬಿದ್ರ ಛಲೋ ಏನು?

ತುಳಸಿಗೆ ನೀರು ಹಾಕಿಲ್ಲ. ಹೌದು. ಬೆಕ್ಕು.

ದೇವರ ದೀಪನೂ ನೀವಽ ಹಚಕೋಬೇಕಾಗ್ಯದ. ಅದೂ ಬೆಕ್ಕಿನ ಸಂಬಂಧನಽ. ಪಡಸಾಲ್ಯಾಗ ಕಂಬಳಿ ಹಾಸಿಕೊಂಡು ಮಲಗ್ತೇನಿ, ಬೆಕ್ಕಿಗೆ ಹೊಸಾ ಜಾಗಾ, ಒದರ್ತದ ಅಂತ. ಎಲ್ಲಾದಕ್ಕೂ ಕಾರಣ ಅದ. ಎಲ್ಲಾ ಹೇಳೇನಿ.

ಭಾಗೀರಥೀಬಾಯಿ ನಿಮಗ ಏನರೇ ಅಂದ್ರೇನು? ಅಂದಿರ್ತಾರ. ಅವರಿಗೆ ಗ್ವಾಡಿ ಮ್ಯಾಲೆ ಕುತಗಿ ಚಾಚೂದು ಬಿಟ್ಟು ಏನು ಕೆಲಸ? ನಾ ಬಸ್ಸಿಳದು ಬಂದಾಕಿ ಹಿತ್ತಲಿಗೆ ಹೋಗಿ ಬಾವಿ ಕಟ್ಟೀ ಮ್ಯಾಲೆ ಕೂತು ಉಟ್ಟ ಸೀರೀ ಮ್ಯಾಲೇನಽ ತಲೀ ಮ್ಯಾಲೆ ನೀರು ಸುರಕೊಂಡೆ. ಅವರು ನೋಡಿದ್ರು. ‘ಯಾರು ಹೋದ್ರಽ ನಿಮ್ಮ ಪೈಕಿ?’ ಅಂದ್ರು. ಯಾರೂ ಇಲ್ಲ, ಬೆಕ್ಕು ಮುಟ್ಟೇನಿ ಅಂದೆ. ಮೊದಲ ಮರೀನ ಕಟ್ಟೀ ಮ್ಯಾಲೆ ಇಟ್ಟು ಆಮ್ಯಾಲೆ ಸುರಕೊಂಡೇನಿ, ಅದಕ್ಕ ಥಂಡಿ ಆಗಬಾರದು ಅಂತ.

ಹಂಗಲ್ಲರೀ. ಪುಣೆಯಿಂದ ನಿಮ್ಮ ತಮ್ಮ ಹೋದ ತಾರ ಬಂದಾಗ ನೀವು ಕೈಯಾಗಿನ ಕಾಗದ ಅಲ್ಲೇ ಒಗದು ಉಟ್ಟ ಧೋತರದ ಮ್ಯಾಲೇನಽ ಬಾವೀಗೆ ಹೋದ್ರಲ್ಲ, ಹಂಗಲ್ಲ ಇದು. ಅದು ಬ್ಯಾರೆ. ಅದು ರಕ್ತಸಂಬಂಧ, ಸುದ್ದಿ ಕೇಳಿದ ಕೂಡಲೇ ಮಾಡಬೇಕಾದದ್ದು. ಇದು ಬರೇ…

ಏನರೇ ಅನ್ರಿ.

ಬಯ್ರಿ. ಯಾರನ್ನ ಕೇಳಿ ಆ ಹೊಸ್ತಿಲ ತುಳದಿ ಅನ್ರಿ. ಪೂರ್ತಿ ಮಾತಿನಾಗ ಅನ್ರಿ.

ಯಾಕ ಎದ್ರಿ? ಎಲ್ಲಿ ಹೊಂಟ್ರಿ? ಚಪ್ಪಲಿ… ಹಿತ್ತಲಕ್ಕ ಯಾಕ ಹೊಂಟ್ರಿ, ಬಿಸಲದ. ನೀವು ಸ್ನಾನ ಮಾಡೀರಿ, ಮುಂಜಾನೆ ಸಂಧ್ಯಾವಂದನಿ ಆಗ್ಯದ. ಕೊಡ ಯಾಕ ತಗೋತೀರಿ? ನಾ ಏನೂ ಹೇಳಿಲ್ಲಲ್ಲ ನಿಮಗ! ನಾ ಹೇಳೇ ಇಲ್ಲ. ನಾ ಬೆಕ್ಕಿನ ಮಾತು ಆಡೇನಿ. ಹಗ್ಗ ಬಿಡ್ರಿ. ಆ ಧೋತರ ನಿನ್ನೆ ಇಸ್ತ್ರಿ ಆಗಿ ಬಂದದ್ದು…

ಸುರಕೊಂಡ್ರಿ.

ಮತ್ತೊಂದು ಕೊಡ.

ಹೂಂ. ಹೌದ್ರಿ. ಮೊನ್ನೆ. ವಿಷಮಜ್ವರ ಅಂತ. ದವಾಖಾನಿಗೆ ಒಯ್ಯಬೇಕು ಅನ್ನೂದರಾಗ… ಅಹ್ಮದಸಾಬ ಬಂದದ್ದು ಮರಿ ಸುದ್ದಿ ಹೇಳ್ಲಿಕ್ಕೆ ಅಲ್ಲ. ಜಡ್ಡು ಭಾಳ ಆಗ್ಯದ ಅಂತ ಹೇಳ್ಲಿಕ್ಕೆ ಬಂದಿದ್ದ. ನಾ ಹೋಗೂದರಾಗ ಮುಗದಿತ್ತು. ನಾ ಬರ್ತೇನಿ ಅಂತ ಅವರು ಕಾದಿದ್ರು. ಅವರಲ್ಲಿ ಮಲಗಸೂದಿಲ್ಲರೀ. ಕೂಡಸ್ತಾರ. ಗ್ವಾಡಿಗೆ ಆನಿಸಿ, ಹೂವು ಹಾಕಿ, ಕೂಡಿಸಿದ್ರು. ಬೆನ್ನು ನೆಟ್ಟಗಿತ್ತು. ಸಣ್ಣಾಕಿದ್ದಾಗಿಂದ ಎಷ್ಟು ಸರ್ತಿ ಹೇಳಿದ್ದೆ, ಬೆನ್ನು ನೆಟ್ಟಗ ಮಾಡಿ ಕೂಡು ಪ್ರೇಮಾ ಅಂತ. ಒಮ್ಮೆಯೂ ಕೂತಿರಲಿಲ್ಲ.

ಹೆಸರು ತಗೊಂಡೆ. ತಗೊಂಡೆ, ಏನ್ ಮಾಡ್ತೀರಿ?

ನನಗ ಅಳೂ ಬರಲಿಲ್ಲರೀ. ಇನ್ನೂ ಬಂದಿಲ್ಲ. ಬಸಲಿಂಗವ್ವನ್ನ ಕೇಳಿದೆ, ನಿಮ್ಮಲ್ಲಿ ಸೂತಕ ಎಷ್ಟು ದಿವಸ ಅಂತ. ‘ನಮ್ಮಲ್ಲಿ ಸೂತಕ ಇಲ್ಲರೀ ಅಕ್ಕಾರ’ ಅಂದ್ಲು, ‘ಲಿಂಗದಾಗ ಕೂಡಿದಾಕಿಗೆ ಎಲ್ಲಿ ಮೈಲಿಗಿ?’ ಛಂದಾಗಿ ಅಂದ್ಲು, ನನ್ನ ಕೈ ಹಿಡದು ಅಂದ್ಲು. ಅವರ ಧರ್ಮ ಅದು. ಅವರು ಹಿಡಿಯೂದಿಲ್ಲ. ನೀವು ನೀರು ಬಿಟ್ಟೀರಿ, ನೀವೂ ಹಿಡಿಯೂದಿಲ್ಲ. ಹಂಗಾದ್ರ ನನ್ನ ಮಗಳು ಹೋದದ್ದಕ್ಕ ಲೋಕದಾಗ ಒಬ್ಬರರೇ ಮೈಲಿಗಿ ಆಗಬ್ಯಾಡೇನು? ಒಬ್ಬರರೇ ಒಲಿ ಮುಟ್ಟದಽ ಕೂಡಬ್ಯಾಡೇನು? ಶಾಸ್ತ್ರದಾಗ ಇಲ್ಲ, ಗೊತ್ತದ. ತಪ್ಪು, ಗೊತ್ತದ. ನಾ ಹಿಡದೆ. ನಿಮ್ಮ ಪೂಜಿ ಕೆಡಬಾರದು ಅಂತ ದೂರ ಕೂತು, ಬೆಕ್ಕಿನ ಹೆಸರಿಲೆ ಹಿಡದೆ.

ಸಾಕು, ಇನ್ನ ಕೊಡ ಬಿಡ್ರಿ. ಥಂಡಿ ಆಗ್ತದ.

ಹುಡುಗಿ ಹೆಸರು ಕೇಳಲಿಲ್ಲ ನೀವು. ಮಥುರಾ. ನಿಮ್ಮ ಅವ್ವನ ಹೆಸರಽ ಇಟ್ಟಾಳ. ನೀರು ಬಿಟ್ಟ ಮನೀ ಹೆಸರು.

ಹಿಂದ ನೋಡ್ರಿ, ಬುಟ್ಟಿ ಬೀಳಿಸಿ ಬಂದದ. ನಿಮ್ಮ ಹಸೀ ಧೋತರ ಮೂಸಿ ನೋಡ್ತದ. ಇರಲಿ ಬಿಡ್ರಿ.

ಅಲ್ಲೆ ಪಾಚಿ ಅದ, ಜಾರ್ತೀರಿ. ಕೈ ಕೊಡ್ರಿ.

ಕೊಡ್ರಿ, ಇನ್ನ ಮುಟ್ಟಿದ್ರ ನಡೀತದ. ಇಬ್ಬರದೂ ಒಂದಽ ಮೈಲಿಗಿ.