ಡೈನಮೋ ಬಿಚ್ಚಿದ ರಾತ್ರಿ

ನಗೋರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ಕಂದ್ರೆ ನಾನು ಎದ್ದು ಹೋಗ್ತೀನಿ, ಅಷ್ಟೇ. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಕಿರೀ ಮಗನಿಗೆ ಆದದ್ದು. ಗಾಡಿಗಳ ವೈರಿಂಗ್ ಕೆಲಸ ಅವನದು. ಮಾತಿಗೆ ಮುಂಚೆ ಸಿಟ್ಟು. ಅದಕ್ಕೇ ಎಲ್ಲರೂ ಫ್ಯೂಸು ಅಂತಾರೆ.

ಅವತ್ತು ಅಂಗಡಿ ಮುಚ್ಚಿ, ಹೊತ್ತು ಮೀರಿ ನಡ್ಕೊಂಡು ಬರ್ತಿದ್ದ. ದಾರೀಲಿ ಆ ಬಾವಿ... ಕಟ್ಟೆ ಮೊಣಕಾಲೆತ್ತರಾನೂ ಇಲ್ಲ. ಅದಕ್ಕೆ ಎಂಟು ತಿಂಗಳ ಮುಂಚೆ ಅವನ ಅಣ್ಣ ಸತ್ತಿದ್ದು ಅದರಲ್ಲೇ. ಆ ರಾತ್ರಿ ಅಣ್ಣನ ಕಾರು ಅಲ್ಲೇ ಕೆಟ್ಟು ನಿಂತಿತ್ತು. ಬ್ಯಾಟರಿ ಖಾಲಿ, ಒಂದು ಲೈಟೂ ಇಲ್ಲ. ಬಾನೆಟ್ ತೆಗೆಯೋಣ ಅಂತ ಕತ್ತಲೇಲಿ ಇಳಿದವನು ಕಾಲು ತಪ್ಪಿ ಬಾವಿಗೆ ಬಿದ್ದ.

ಬಾವಿ ದಾಟೋವಾಗ ಫ್ಯೂಸಿಗೆ ಕೇಳಿಸ್ತು. ಗುಂಯ್ಯ್... ಅಂತ ಸಣ್ಣಗೆ. ನಡುನಡುವೆ ಟಿಕ್... ಟಿಕ್... ಹಳೇ ಕಾರಲ್ಲಿ ಬ್ಯಾಟರಿಗೆ ಕರೆಂಟು ತುಂಬೋ ಡೈನಮೋ ತಿರುಗೋ ಸದ್ದು, ಆ ಕರೆಂಟು ಬಿಟ್ಟು ಹಿಡಿಯೋ ಸ್ವಿಚ್ಚು, ಕಟೌಟು ಅಂತೀವಿ, ಅದು ಬಡಿಯೋ ಸದ್ದು. ರಸ್ತೇಲಿ ಒಂದು ಗಾಡಿ ಇಲ್ಲ! ಎದ್ದೆನೋ ಬಿದ್ದೆನೋ ಅಂತ ಮನೆ ಸೇರಿದ.

ಅವನ ಹೆದರಿಕೆಗೆ ಕಾರಣ ಇತ್ತು. ಅಣ್ಣನ ಕಾರಿನ ಡೈನಮೋ ರಿಪೇರಿ ಮಾಡಿದ್ದು ಅವನೇ. ಒಳಗೆ ಉಜ್ಜಿಕೊಂಡು ಕರೆಂಟು ಹೊರಗೆ ತರೋ ಕಾರ್ಬನ್ ಬ್ರಶ್ಶು ಸವೆದಿತ್ತು, ಹೊಸದು ಸಿಗಲಿಲ್ಲ. ಹಳೇದರ ಹಿಂದೆ ಒಂದು ತಗಡಿನ ಚೂರು ಮಡಚಿಟ್ಟು ಮುಂದಕ್ಕೆ ತಳ್ಳಿಸಿದ. ಈ ಕೆಲಸದೋರಿಗೆಲ್ಲ ಗೊತ್ತಿರೋ ಉಪಾಯ ಅದು, ಒಂದು ವಾರ ಓಡತ್ತೆ, ಆಮೇಲೆ ಬ್ಯಾಟರಿಗೆ ಕರೆಂಟೇ ಹೋಗಲ್ಲ. ಅಣ್ಣ ಕೇಳಿದ್ದಕ್ಕೆ "ಹೊಸದೇ ಹಾಕಿದೀನಿ" ಅಂದುಬಿಟ್ಟ. ಸಂಜೆಗೆ ಕೊಡ್ತೀನಿ ಅಂದಿದ್ದೆನಲ್ಲ ಅನ್ನೋ ಬಿಂಕ. ಅಣ್ಣ ಹೋದ ಮೇಲೆ ಅದನ್ನ ಅತ್ತಿಗೆಗೆ ಹೇಳೋಕೆ ಬಾಯೇ ಬರಲಿಲ್ಲ.

ಅತ್ತಿಗೆ ಆಸ್ಪತ್ರೇಲಿ ನರ್ಸು. ಕಾರು ಎಂಟು ತಿಂಗಳಿಂದ ಹೊದಿಕೆ ಕೆಳಗೇ ನಿಂತಿತ್ತು. ಮಾರನೇ ದಿನ ಬೆಳಗ್ಗೆ ಅವರು ಮೆಲ್ಲಗೆ ಕೇಳಿದ್ರು.

"ಏನಪ್ಪಾ, ನಾಳೆಯಿಂದ ನನಗೆ ರಾತ್ರಿ ಪಾಳಿ. ಕಾರು ತಗೊಂಡು ಹೋಗ್ತೀನಿ. ಲೈಟು ನಂಬಬಹುದಾ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಾಯ್ತು ಇವನಿಗೆ. ಆ ದಾರೀಲಿ ಅತ್ತಿಗೇನೂ ಕಳ್ಕೊಂಡ್ರೆ?

ಅವತ್ತೇ ಡೈನಮೋ ಬಿಚ್ಚಿ ಎಸೆದು, ಅದರ ಜಾಗಕ್ಕೆ ಈಗಿನ ಕಾರಿಗೆ ಬರೋ ಆಲ್ಟರ್ನೇಟರ್ ಹೊಸದು ಕೂರಿಸೋಕೆ ಶುರು ಮಾಡಿದ. ಬ್ರಾಕೆಟ್ ಕೊರೆದ, ಬೆಲ್ಟು ಬಿಗಿದ, ಇನ್ನು ಬೇಡವಾದ ಕಟೌಟು ಕಿತ್ತ. ಆ ಹಳೇ ಕಾರಲ್ಲಿ ಬ್ಯಾಟರಿಯ ಪ್ಲಸ್ಸು ತಂತಿ ಚಾಸಿಗೆ, ಅಂದ್ರೆ ಗಾಡಿ ಮೈಗೆ ಕಟ್ಟಿತ್ತು, ಅದನ್ನೂ ತಿರುಗಿಸಿದ. ಅದೊಂದು ಮರೆತಿದ್ರೆ ಹೊಸ ಆಲ್ಟರ್ನೇಟರ್ ಅಲ್ಲೇ ಸುಟ್ಟು ಹೋಗ್ತಿತ್ತು. ಡೈನಮೋ ಆದ್ರೆ ಎಂಜಿನ್ ನಿಧಾನ ಆದಾಗ ಲೈಟೂ ಸೋಲತ್ತೆ. ಇದು ಹಾಗಲ್ಲ, ನಿಂತಲ್ಲೇ ಗುರುಗುಟ್ಟಿದ್ರೂ ಬೆಳಕು ಹಾಗೇ ಇರತ್ತೆ.

ಲೈಟಿನ ಕೆಲಸ ಕತ್ತಲಾಗದೆ ಗೊತ್ತಾಗಲ್ಲ ನೋಡಿ. ರಾತ್ರಿ ಒಬ್ಬನೇ ಹೊರಟ. ರಸ್ತೆಗೆ ಹಾಲು ಚೆಲ್ಲಿದ ಹಾಗೆ ಬೆಳಕು. ಬಾವಿ ತಿರುವು ಬಂತು... ನಿಧಾನ ಮಾಡಿದ...

ಲೈಟು ಮಂಕಾಯ್ತು. ಹಳದಿ... ಕೆಂಪು... ಎಂಜಿನ್ ಓಡ್ತಾನೇ ಇದೆ. ಗುಂಯ್ಯ್... ಟಿಕ್... ಟಿಕ್... ಅಲ್ರೀ, ಕಟೌಟು ಕಿತ್ತು ಹಾಕಿದಾನೆ! ಟಿಕ್ ಅನ್ನೋಕೆ ಅಲ್ಲಿ ಏನಿದೆ?

ಎಡಗಡೆ ಕಿಟಕಿಯಲ್ಲಿ ಪಿಸುದನಿ.

"ಬ್ರಶ್ಶು ಹೊಸದೇನೋ?"

ಅಣ್ಣನ ದನಿ.

"ಹೂಂ... ಅಣ್ಣ." ಫ್ಯೂಸಿನ ಬಾಯಿಗೆ ಬಂದದ್ದು ಅದೇ ಹಳೇ ಸುಳ್ಳು. ಲೈಟು ಪೂರ್ತಿ ಆರಿತು.

"ಹೊಸದೇನೋ?"

"ಇಲ್ಲಣ್ಣ... ತಗಡು ಮಡಚಿಟ್ಟಿದ್ದೆ. ನನ್ನದೇ ತಪ್ಪಣ್ಣ..." ಗೊಳೋ ಅಂತ ಅತ್ತುಬಿಟ್ಟ.

"ಅವಳಿಗೆ ಹೇಳು."

ಅಷ್ಟೇ. ಫಕ್ಕನೆ ಲೈಟು ಬಂತು.

ಮನೇಲಿ ಅತ್ತಿಗೆ ಬಾಗಿಲು ತೆಗೆದಾಗ ಇವನು ಹೊಸ್ತಿಲಲ್ಲೇ ಕುಸಿದು ಕೂತ. ತೊದಲ್ತಾ ಎಲ್ಲ ಹೇಳಿದ. ಅವರು ಬೈಯಲಿಲ್ಲ.

"ಗೊತ್ತು. ಅವರೇ ಹೇಳಿದ್ರು."

"ಯಾವಾಗ ಅತ್ತಿಗೆ?"

"ಅವರನ್ನ ಮಣ್ಣು ಮಾಡಿ ಬಂದ ರಾತ್ರಿ. ಅವನಾಗೇ ಹೇಳೋವರೆಗೂ ಕೇಳಬೇಡ ಅಂದಿದ್ರು."

ಎಂಟು ತಿಂಗಳು ಕಣ್ರೀ! ಎಂಟು ತಿಂಗಳು ಅವನಿಗೆ ಕೈಯಾರೆ ಬಡಿಸಿದಾಳೆ ಆ ಹೆಂಗಸು, ಒಂದು ಮಾತು ತುಟಿ ದಾಟಿಲ್ಲ. ಫ್ಯೂಸು ಇದನ್ನ ನನಗೆ ಹೇಳೋವಾಗ ನಾನೂ ಅತ್ತುಬಿಟ್ಟೆ, ಮುಚ್ಚಿಡೋದೇನು.

ಆಮೇಲೆ ಆ ಲೈಟು ಯಾವತ್ತೂ ಮಂಕಾಗಿಲ್ಲ. ಅಲ್ಲಿಗೆ ಮುಗೀತು ಅನ್ನಿ, ನಾನೂ ಹಾಗೇ ಅಂದ್ಕೊಂಡಿದ್ದೆ. ಹೋದ ತಿಂಗಳು ಒಂದು ರಾತ್ರಿ ಅತ್ತಿಗೆ ಜೊತೆ ಅದೇ ಕಾರಲ್ಲಿ ಹೋದೆ. "ನೀನು ಹಿಂದೆ ಕೂತ್ಕೋ" ಅಂದ್ರು. ಹಿಂದೆ ಹತ್ತಿ ಕೂತೆ. ಬಾವಿ ಹತ್ರ ನಿಲ್ಲಿಸಿ, ಕೈ ಚಾಚಿ ಎಡಗಡೆ ಮುಂದಿನ ಬಾಗಿಲು ತೆಗೆದ್ರು. ಒಂದು ಗಳಿಗೆ... ಸೀಟಿನ ಸ್ಪ್ರಿಂಗು ಕಿರ್ರ್ ಅಂತು. ಕಾರು ಆ ಕಡೆಗೆ ಒಂದು ಬೆರಳಷ್ಟು ವಾಲಿತು. ಧಡ್ ಅಂತ ಬಾಗಿಲು ಮುಚ್ಚಿತು, ಹೊರಟ್ವಿ.

ಗಾಳಿ ಅಂತೀರಾ? ಎಲೆ ಅಲುಗಾಡದ ರಾತ್ರಿ ಅದು. ನಾನು ಕಣ್ಣಾರೆ ನೋಡಿದ್ದು ಹೇಳ್ತಿದೀನಿ. ತೆಗೆದಿದ್ದು ಅತ್ತಿಗೇನೇ. ಮುಚ್ಚೋವಾಗ ಅವರ ಎರಡೂ ಕೈ ಸ್ಟೇರಿಂಗ್ ಮೇಲೇ ಇತ್ತು.